ಹನುಮಕ್ಕನ ಹೆಸರಿನಲ್ಲಿ

ಶೈಲಜಮ್ಮ ಯಾರನ್ನೂ ಕ್ಷಮಿಸುವ ಹೆಂಗಸಲ್ಲ, ಸತ್ತವರನ್ನು ಕೂಡ. ಚಾಮರಾಜಪೇಟೆಯಲ್ಲಿ ಇದನ್ನು ಅವಳ ಎದುರಿಗೇ ಹೇಳುತ್ತಾರೆ. ಅವಳು ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಾಳೆ.

ಪ್ರಾಯದಲ್ಲಿ ಅವಳು ರೇಡಿಯೋ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದಳು. ನಾಯಕಿ ಯಾವಾಗಲೂ ಹನುಮಕ್ಕ. ಇವಳು ಅತ್ತೆ, ಇಲ್ಲವೇ ನೆರೆಮನೆಯವಳು. ಒಮ್ಮೆ ಹನುಮಕ್ಕನ ಗಂಟಲು ಕಟ್ಟಿ, ರಾಣಿಯ ಪಾತ್ರ ಇವಳಿಗೆ ಬಂತು. ಮುಂದೆ ರೇಡಿಯೋ ನಿಲಯದವರು ಆ ನಾಟಕಗಳ ಟೇಪುಗಳ ಮೇಲೆಲ್ಲ ಬೇರೇನೇನೋ ಮುದ್ರಿಸಿದರು. ರಾಣಿಯ ನಾಟಕ ಉಳಿದದ್ದು ಗವಿಪುರದ ಚಂದ್ರಶೇಖರಯ್ಯ ರೇಡಿಯೋ ಎದುರು ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡಿದ್ದರಿಂದ. ಆಗ ಕ್ಯಾಸೆಟ್ ದುಬಾರಿ. ಕೊನೆಗೆ ಕಲಾವಿದರ ಹೆಸರು ಓದುವ ಹೊತ್ತಿಗೆ ಎಲ್ಲರೂ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದರು. ಅವರೂ ನಿಲ್ಲಿಸಿದ್ದರು. ನಿವೃತ್ತರಾದ ಮೇಲೆ ಅದನ್ನು ಇಂಟರ್ನೆಟ್ಟಿಗೆ ಏರಿಸಿ, ಬೇಕಾದವರು ಡೌನ್‌ಲೋಡ್ ಮಾಡಿಕೊಳ್ಳಲಿ ಎಂದು ಬಿಟ್ಟರು. ಧ್ವನಿಯನ್ನು ಊಹಿಸಿ, ತೀರಿಹೋಗಿದ್ದ ಹನುಮಕ್ಕನ ಹೆಸರು ಹಾಕಿದರು.

ಸುದ್ದಿ ಕಿವಿಗೆ ಬಿದ್ದೊಡನೆ ಶೈಲಜಮ್ಮ ಅವರಿಗೆ ಫೋನ್ ಮಾಡಿದಳು. "ಆ ರಾಣಿ ನಾನು ಕಣ್ರೀ."

"ಹನುಮಕ್ಕನ ಧ್ವನಿ ನನಗೆ ಗೊತ್ತಿಲ್ವಾಮ್ಮ? ನಿಮ್ದು ಇಷ್ಟು ಚೆನ್ನಾಗಿ ಎಲ್ಲಿತ್ತು?"

ಅಷ್ಟು ಸಾಕಾಯಿತು. ಅಣ್ಣನ ಮಗಳು ಹರ್ಷಿತಾ ವಕೀಲೆ. ಅವಳಿಂದ ನೋಟಿಸು ಹೋಯಿತು. ಕಲಾವಿದೆಯ ಒಪ್ಪಿಗೆಯಿಲ್ಲದೆ ಹಂಚಿದ ನಾಟಕವನ್ನು ತೆಗೆಯಬೇಕು. ಜೊತೆಗೆ ಆ ಪಾತ್ರದ ಹಳೆಯ ಕರಾರಿನ ನಕಲು. ಚಂದ್ರಶೇಖರಯ್ಯ ಬೆವೆತು, ಹೆಸರು ತಿದ್ದುತ್ತೇನೆ ಎಂದರು. ಇವಳು ಒಪ್ಪಲಿಲ್ಲ. ಅಳಿಸುವುದನ್ನು ಕಣ್ಣಾರೆ ನೋಡಲು ಆಟೋ ಹತ್ತಿ ಅವರ ಮನೆಗೇ ಹೋದಳು.

"ಕದ್ದಿದ್ದಲ್ಲಮ್ಮ, ಉಳಿಸಿದ್ದು."

"ನನ್ನ ಸೀರೆ ಉಳಿಸಿ ಪಕ್ಕದ ಮನೆಯೋಳಿಗೆ ಉಡಿಸಿದ್ರಿ. ಅದಕ್ಕೆ ಕೈ ಬೇರೆ ಮುಗೀಬೇಕಾ?"

"ತೆಗೆದ್ರೆ ನಿಮ್ಮ ಧ್ವನಿನೂ ಹೋಗುತ್ತಲ್ಲ."

"ಹೋಗ್ಲಿ. ಅವಳ ಹೆಸರಲ್ಲಿ ಇರೋದಕ್ಕಿಂತ ಅದೇ ವಾಸಿ. ಒತ್ರೀ."

ಅವರು ಒತ್ತಿದರು. ಶೈಲಜಮ್ಮ ಕುರ್ಚಿಗೆ ಒರಗಿ, ಈಗ ಕಾಫಿ ಕುಡಿಯಬಹುದು ಎಂದಳು. ಕಾಫಿ ಬರುವ ಮೊದಲೇ ಫೋನ್ ಬಂತು. ಕಿವಿ ಮಂದವಾದ್ದರಿಂದ ಅವರು ಸ್ಪೀಕರ್ ಹಾಕಿದರು.

"ಅಂಕಲ್, ನಾನು ಧನುಶ್ರೀ, ಹನುಮಕ್ಕನ ಮೊಮ್ಮಗಳು. ಅಜ್ಜಿ ನಾಟಕ ಡೌನ್‌ಲೋಡ್ ಆಗ್ತಾನೇ ಇಲ್ಲ. ಹೊಸ ಫೋನಿಗೆ ಹಾಕ್ಕೊಳ್ಳೋಣ ಅಂದ್ರೆ... ಅವರನ್ನ ನಾನು ನೋಡೇ ಇಲ್ಲ ಅಂಕಲ್. ಇರೋದು ಅದೊಂದು ದನಿ."

ಚಂದ್ರಶೇಖರಯ್ಯ ಶೈಲಜಮ್ಮನ ಮುಖ ನೋಡಿದರು. ಆ ದನಿ ತನ್ನದೆಂದು ಹೇಳಿಬಿಡಲು ಅವಳಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ಇವರ ಕಂಪ್ಯೂಟರ್ ಕೆಟ್ಟಿತ್ತು ಕಣಮ್ಮ. ಸ್ವಲ್ಪ ಹೊತ್ತು ಬಿಟ್ಟು ನೋಡು, ಸಿಗುತ್ತೆ."

ಫೋನ್ ಇಟ್ಟು ಅವರತ್ತ ತಿರುಗಿದಳು.

"ಏನು ನೋಡ್ತಿದೀರ? ವಾಪಸ್ ಹಾಕಿ."

"ಹೆಸರು?"

"ಇದ್ದಿದ್ದೇ ಇರ್ಲಿ. ನಿಮ್ಮ ಕಿವಿ ಮಾತ್ರ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಕೊಳ್ಳಿ."