ಬಾಗಿಲಿನಿಂದ ಎಡಗೈಗೆ ಒಲೆ

2024ರ ಜೂನ್ ತಿಂಗಳು. ಸಿಂಧನೂರಿನಲ್ಲಿ ಮನೆ ಸಾಮಾನು ಸಾಗಿಸುವ ಕೆಲಸಕ್ಕೆ ನಾನು ಇಳಿದು ಆಗಲೇ ಹದಿನೆಂಟು ವರ್ಷವಾಗಿತ್ತು. ನನ್ನ ಓದು ತುರ್ವಿಹಾಳದ ಶಾಲೆಯಲ್ಲಿ ಏಳನೇ ತರಗತಿಗೆ ನಿಂತಿತು. ಮುಂದೆ ಹತ್ತು ವರ್ಷ ಭತ್ತದ ಚೀಲ ಹೊತ್ತೆ. ಈಗ ನನ್ನವೇ ಎರಡು ಮಿನಿ ಲಾರಿಗಳಿವೆ, ಐದು ಜನ ಹಮಾಲರಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ಗಾಜಿನ ಲೋಟ ಒಡೆದ ದೂರು ಕೂಡ ನನ್ನ ಮೇಲೆ ಬಂದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಲಿಂಗಸುಗೂರಿನಿಂದ ಫೋನು ಮಾಡಿದವರು ಸುಜಾತಾ ಟೀಚರ್. ವಯಸ್ಸು ನಲವತ್ತರ ಆಸುಪಾಸು, ಒಬ್ಬರೇ ಇರುತ್ತಿದ್ದರು. ಪ್ರಾಥಮಿಕ ಶಾಲೆಯಿಂದ ಹೈಸ್ಕೂಲಿಗೆ ಬಡ್ತಿಯಾಗಿ ಸಿಂಧನೂರಿಗೆ ಬರುವವರಿದ್ದರು. ಶನಿವಾರ ಸಾಮಾನು ಸಾಗಬೇಕು, ಸೋಮವಾರ ಶಾಲೆ ಶುರು. ಅವರ ಮನೆ ಮುಟ್ಟಿದ ಮೇಲೆ ಗೊತ್ತಾಯಿತು, ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ.

ನಮ್ಮ ಕೆಲಸಕ್ಕೆ ಒಂದು ಕ್ರಮವಿದೆ. ಕಟ್ಟುವ ಮೊದಲು ಪ್ರತಿ ಮೂಲೆಯ, ಪ್ರತಿ ಹಲಗೆಯ ಫೋಟೊ ತೆಗೆದುಕೊಳ್ಳುತ್ತೇವೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ, ಕ್ಯಾಪ್ ಹಾಕಿ, ನಿಲ್ಲಿಸಿಯೇ ಕಟ್ಟುತ್ತೇವೆ, ಮಲಗಿಸುವುದಿಲ್ಲ. ಹೊಸ ಮನೆಯಲ್ಲಿ ಮೊದಲು ಬೇಕಾದದ್ದನ್ನು ಕೊನೆಗೆ ಏರಿಸುತ್ತೇವೆ. ಅಂದು ಎಲ್ಲವೂ ಹಾಗೆಯೇ ನಡೆಯಿತು. ಪುಸ್ತಕದ ಪೆಟ್ಟಿಗೆಗಳ ಮೇಲೆ ನನ್ನ ಹಮಾಲ ಮೌಲಾಲಿ ಜೋಳದ ಚೀಲ ಇಡಲು ಹೋದಾಗ ಮಾತ್ರ ಟೀಚರ್ ತಡೆದರು.

"ಅವು ಬ್ರೈಲ್ ಪುಸ್ತಕರಿ. ಮ್ಯಾಲ ಭಾರ ಹೇರಿದ್ರ ಚುಕ್ಕಿ ಚಪ್ಪಟಿ ಆಗ್ತಾವ. ಆಮ್ಯಾಲ ನಾ ಏನ್ ಓದ್ಲಿ?"

ಬೆರಳಿನಿಂದ ಮುಟ್ಟಿ ಓದುವ ಅಕ್ಷರ ಅದು. ಆ ಪೆಟ್ಟಿಗೆಗಳನ್ನು ಎಲ್ಲಕ್ಕಿಂತ ಮೇಲೆ ಇಟ್ಟೆವು.

ಟೀಚರ್ ನನ್ನ ಪಕ್ಕ ಕ್ಯಾಬಿನ್ನಿನಲ್ಲೇ ಕುಳಿತರು. ಅವರ ಅಣ್ಣ ಗೌತಮರು ಹಿಂದೆ ಕಾರಿನಲ್ಲಿ ಬಂದರು. ಲಿಂಗಸುಗೂರಿನಲ್ಲೇ ನೌಕರಿ ಮಾಡುವ ಅವರಿಗೆ ತಂಗಿಯ ಈ ವರ್ಗಾವಣೆ ಮನಸ್ಸಿಗೆ ಒಗ್ಗಿರಲಿಲ್ಲ. ಹಗ್ಗ ಬಿಗಿ ಮಾಡಲು ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವಾಗ ಟೀಚರ್ ಒಂದೇ ಮಾತು ಹೇಳಿದರು.

"ಯಮನೂರಣ್ಣ, ಅಲ್ಲಿ ಹ್ಯಾಂಗಿತ್ತೋ ಇಲ್ಲಿನೂ ಹಂಗ ಇಡ್ರಿ. ನನಗ ಬ್ಯಾರೆ ಏನೂ ಬ್ಯಾಡ."

"ಒಂದು ಬೆರಳು ಆಕಡಿ ಈಕಡಿ ಆಗಂಗಿಲ್ರಿ," ಎಂದೆ. ಮೊಬೈಲಿನಲ್ಲಿ ಫೋಟೊಗಳಿದ್ದವು. ಭಯ ಯಾತರದು?

ಹೊಸ ಮನೆ ಎಂದರೆ ಒಂದೇ ದೊಡ್ಡ ಕೋಣೆ, ಹಿಂದೆ ಬಚ್ಚಲು. ಹಳೆಯದೂ ಅಂಥದ್ದೇ. ಎರಡೂವರೆ ತಾಸಿನಲ್ಲಿ ಎಲ್ಲವನ್ನೂ ಹೊಂದಿಸಿದೆವು. ಅಲ್ಲಿ ಒಲೆ ಆಗ್ನೇಯದಲ್ಲಿತ್ತು, ಇಲ್ಲಿಯೂ ಆಗ್ನೇಯದಲ್ಲೇ ಇಟ್ಟೆ. ನೀರು ಈಶಾನ್ಯಕ್ಕೆ, ಕಬ್ಬಿಣದ ಕಪಾಟು ನೈಋತ್ಯಕ್ಕೆ, ಮಂಚ ವಾಯವ್ಯಕ್ಕೆ, ಎಲ್ಲವೂ ಅಲ್ಲಿದ್ದ ಮೂಲೆಗೇ. ನಮ್ಮ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಈ ನಾಲ್ಕು ಮೂಲೆ. ಹದಿನೆಂಟು ವರ್ಷ ನಾನು ಮನೆ ಜೋಡಿಸಿದ್ದು ಹಾಗೆಯೇ.

"ಬರ್ರಿ ಟೀಚರ್, ನಿಮ್ಮ ಮನಿ ತಯಾರೈತಿ," ಎಂದು ಕರೆದೆ.

ಅವರು ಕೋಲನ್ನು ಬಾಗಿಲ ಬಳಿ ನಿಲ್ಲಿಸಿದರು. ಮನೆಯೊಳಗೆ ಕೋಲು ಹಿಡಿಯುವುದು ಅವರ ಪದ್ಧತಿಯಲ್ಲ. ನಗುತ್ತಲೇ ಆರು ಹೆಜ್ಜೆ ಬಲಗಡೆಗೆ ನಡೆದರು, ಮಂಚದ ಮೇಲೆ ಕೂರಲು. ಅಲ್ಲಿದ್ದದ್ದು ಕಪಾಟು. ಅದರ ಅಂಚು ಹಣೆಗೆ ಬಡಿದು ರಕ್ತ ಬಂತು.

ಹಳೆಯ ಮನೆಯ ಬಾಗಿಲು ಪೂರ್ವಕ್ಕಿತ್ತು, ಇದರ ಬಾಗಿಲು ಉತ್ತರಕ್ಕಿತ್ತು. ನಾನು ದಿಕ್ಕು ತಪ್ಪಿಸಿರಲಿಲ್ಲ. ಆದರೆ ಬಾಗಿಲಿನಿಂದ ಒಳಗೆ ಬರುವವರಿಗೆ ಎಲ್ಲವೂ ತಿರುಗಿಬಿಟ್ಟಿತ್ತು. ಕಪಾಟಿನ ಸೀರೆಗೆಂದು ಅವರು ಕೈ ಚಾಚುವ ಜಾಗದಲ್ಲಿ ಈಗ ಗ್ಯಾಸ್ ಒಲೆಯಿತ್ತು.

ಗೌತಮರು ತಂಗಿಯ ಹಣೆಗೆ ಕರವಸ್ತ್ರ ಒತ್ತಿ ಹಿಡಿದು ನನ್ನ ಕಡೆ ತಿರುಗಿದರು. "ಸಾಮಾನು ತಿರುಗಿ ಗಾಡಿಗೆ ಹಾಕ್ರಿ. ಮನಿ ಒಳಗ ಹಿಂಗಾದ್ರ ಇನ್ನ ಓಣ್ಯಾಗ ಏನ್ ಗತಿ? ಸುಜೀ, ಬಡ್ತಿ ಬ್ಯಾಡಂತ ಬರಕೊಡು. ನಮ್ಮ ಮನ್ಯಾಗ ಇರು. ನಿನಗ ಏನ್ ಕಮ್ಮಿ ಮಾಡೀನಿ?"

"ಏನೂ ಕಮ್ಮಿ ಮಾಡಿಲ್ಲಣ್ಣ. ಅದಕ್ಕ ನಿನ್ನ ಮನಿಗಿ ಬರಾಕ ಹೆದ್ರತೀನಿ," ಎಂದರು ಟೀಚರ್. "ಸೋಮವಾರ ಮುಂಜಾನಿ ತನಕ ಸುಮ್ಮನಿರು. ನಾ ಒಬ್ಬಾಕಿನ ಸಾಲಿ ಮುಟ್ಟಲಿಲ್ಲಂದ್ರ ನೀ ಹೇಳ್ದಂಗ ಬರಕೊಡ್ತೀನಿ."

ಹದಿನೈದು ವರ್ಷ ಕಾದು ಬಂದ ಬಡ್ತಿ ನನ್ನ ಕೈತಪ್ಪಿನಿಂದ ಹೋಗುವುದರಲ್ಲಿತ್ತು. ನಾನು ತಪ್ಪು ಒಪ್ಪಿಕೊಂಡೆ. ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸುತ್ತೇನೆ ಎಂದೆ. ಆದರೆ ಒಲೆ ಎಲ್ಲಿಗೆ ಬರಬೇಕೆಂದು ಲೆಕ್ಕ ಹಾಕಿ ಅಲ್ಲೇ ನಿಂತುಬಿಟ್ಟೆ. ಬಾಗಿಲ ಪಕ್ಕದ ಎಡ ಮೂಲೆ, ಈಶಾನ್ಯ, ದೇವರ ಮೂಲೆ.

"ಟೀಚರ್, ಈಶಾನ್ಯದಾಗ ಬೆಂಕಿ ಇಡಬಾರದ್ರಿ. ನನ್ನ ಕೈ ಏಳವಲ್ದು."

"ನಮ್ಮನ್ಯಾಗ ಬುದ್ಧನ ಮೂರ್ತಿ ಒಂದೈತಿ, ಆತ ಎಲ್ಲಿಟ್ರೂ ಕುಂದ್ರತಾನ," ಎಂದು ಅವರು ನಕ್ಕರು. ಹಣೆಯ ಮೇಲೆ ಪಟ್ಟಿ ಇತ್ತು, ಆದರೂ ನಕ್ಕರು. "ಯಮನೂರಣ್ಣ, ನಿಮಗ ಎಂಟ ದಿಕ್ಕ ಅದಾವ. ನನಗ ಇರೋದು ಒಂದು ಬಾಗಿಲ, ಒಂದು ಎಡಗೈ, ಒಂದು ಬಲಗೈ. ಒಲಿ ಎಡಗೈಗಿರಲಿ."

ಎತ್ತಿ ಇಟ್ಟೆ. ಅಲ್ಲಿ ಕಿಟಕಿಯೂ ಇತ್ತು, ಗ್ಯಾಸಿಗೆ ಗಾಳಿ ಬೇಕಲ್ಲ, ಅದೂ ಸರಿಹೋಯಿತು.

ಉಳಿದದ್ದಕ್ಕೆ ಅಳತೆ ಎಲ್ಲಿಂದ ತರುವುದು? ಫೋಟೊದಲ್ಲಿ ಹೆಜ್ಜೆ ಕಾಣುವುದಿಲ್ಲ. ಟೀಚರ್ ಬಾಗಿಲಲ್ಲಿ ನಿಂತು, ಹಳೆಯ ಮನೆಯಲ್ಲಿ ನಡೆದಂತೆಯೇ ನಡೆದರು. ಅವರು ಎಲ್ಲಿ ನಿಂತು ಕೈ ಚಾಚಿದರೋ ಅಲ್ಲಿಗೆ ನಾವು ಸಾಮಾನು ತಂದೆವು. ಕಪಾಟು ಹೊತ್ತು ನಾನೂ ಮೌಲಾಲಿಯೂ ಅವರ ಬೆನ್ನ ಹಿಂದೆ ನಿಂತಿದ್ದೆವು. ಅವರು "ಇಲ್ಲೇ. ಅಲ್ಲಲ್ಲ, ಅರ್ಧ ಹೆಜ್ಜಿ ಹಿಂದ," ಎನ್ನುತ್ತಿದ್ದರು.

"ಟೀಚರಮ್ಮ, ಜಲ್ದಿ ಹೇಳ್ರಿ," ಎಂದ ಮೌಲಾಲಿ ಏದುಸಿರು ಬಿಡುತ್ತ. "ಇದು ಕಪಾಟ ಅಲ್ಲ, ನನ್ನ ಮಾವನ ಮನಿ ಎಮ್ಮಿ."

ಸಂಜೆ ಐದಕ್ಕೆ ಕೆಲಸ ಮುಗಿಯಿತು. ಟೀಚರ್ ಯಾರನ್ನೂ ಏನನ್ನೂ ಕೇಳದೆ ಒಲೆ ಹೊತ್ತಿಸಿದರು, ನೀರು, ಸಕ್ಕರೆ, ಚಹಾಪುಡಿ ಎಲ್ಲವನ್ನೂ ತಾವೇ ತೆಗೆದುಕೊಂಡು ನಾಲ್ಕು ಲೋಟ ಚಹಾ ಮಾಡಿದರು. ಗೌತಮರು ಚಹಾ ಕುಡಿದು ಎದ್ದರು. ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದು ಅಲ್ಲೇ ಉಳಿದರು.

ಸಾಮಾನು ಇಳಿಸಿದರೆ ನಮ್ಮ ಕೆಲಸ ಮುಗಿಯಿತು. ಆದರೂ ಭಾನುವಾರ ನಾನು ಮತ್ತೆ ಹೋದೆ. ಮನೆಯ ಬಾಗಿಲಿನಿಂದ ಶಾಲೆಯ ಗೇಟಿಗೆ ಟೀಚರ್ ಲೆಕ್ಕದಲ್ಲಿ ಮುನ್ನೂರ ಹನ್ನೆರಡು ಹೆಜ್ಜೆ. ನಡುವೆ ಒಂದು ಕಡೆ ಚರಂಡಿಯ ಮೇಲಿನ ಕಲ್ಲು ಕಿತ್ತುಹೋಗಿತ್ತು. ನಾನೂ ಮೌಲಾಲಿಯೂ ಅಲ್ಲಿಗೆ ಎರಡು ಚಪ್ಪಟೆ ಫರ್ಸಿ ಕಲ್ಲು ಹಾಕಿ ಅಲುಗದಂತೆ ಕೂರಿಸಿದೆವು. ಅಷ್ಟರಲ್ಲಿ ಟೀಚರ್ ಕೋಲು ಹಿಡಿದು ಒಂದೊಂದೇ ಮನೆಯ ಬಾಗಿಲು ತಟ್ಟುತ್ತ ಹೊರಟಿದ್ದರು.

"ನಾ ಹೊಸಬಾಕಿರಿ, ಹೈಸ್ಕೂಲ್ ಟೀಚರ್. ಕಣ್ಣು ಕಾಣಂಗಿಲ್ಲ. ನಿಮ್ಮ ಹೆಸರು ಹೇಳಿ ನಾಲ್ಕ ಮಾತಾಡ್ರಿ, ಧ್ವನಿ ನೆನಪ ಇಟ್ಕೊಂತೀನಿ."

ಪಕ್ಕದ ಮನೆಯ ಖಾಜಾಬೀ ಮೆಣಸಿನಕಾಯಿ ಒಣಹಾಕಿದ್ದ ಹೊರಸನ್ನು, ಅಂದರೆ ಹಗ್ಗದ ಮಂಚವನ್ನು, ದಾರಿಗೆ ಅಡ್ಡ ಇಟ್ಟುಕೊಂಡಿದ್ದ ಮುದುಕಿ. ಮೊದಲು ಸಿಡುಕಿದಳು. "ಮೂವತ್ತ ವರ್ಷದಿಂದ ನನ್ನ ಹೊರಸು ಇಲ್ಲೇ ಐತಿ. ನಿನ್ನ ಸಲುವಾಗಿ ಸರಸಲೇನು?"

"ಸರಸಬ್ಯಾಡ್ರಿ ಅಮ್ಮಾ," ಎಂದರು ಟೀಚರ್. "ದಿನಾ ಅಲ್ಲೇ ಇದ್ರ ಛಲೋ ಆತು. ಮೆಣಸಿನಕಾಯಿ ಘಾಟು ಬಂದ ಕೂಡಲೇ ಬಲಕ್ಕ ಸರೀತೀನಿ."

ಖಾಜಾಬೀ ಒಳಗೆ ಹೋಗಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಕೈಗಿಟ್ಟಳು. "ತಿನ್ನು ಬೇಟಾ. ಒಣ ಮಾತಿನ್ಯಾಗ ಹೊಟ್ಟಿ ತುಂಬಂಗಿಲ್ಲ."

ಸೋಮವಾರ ಮುಂಜಾನೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಗಾಡಿ ತಂದು ಓಣಿಯ ತುದಿಯಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿ ಇಳಿದು ನಿಂತೆ. ಎದುರಿಗೆ ಗೌತಮರು ಕಾರಿಗೆ ಒರಗಿ ನಿಂತಿದ್ದರು. ಒಂಬತ್ತು ಗಂಟೆಗೆ ಟೀಚರ್ ಹೊರಬಿದ್ದರು. ಹೊರಸಿನ ಹತ್ತಿರ ಬಲಕ್ಕೆ ಸರಿದರು. ಹೊಸ ಕಲ್ಲನ್ನು ಕೋಲಿನಿಂದ ಎರಡು ಸಲ ಕುಟ್ಟಿ ದಾಟಿದರು. ಗೋಡೆ ಹಿಡಿದು ನೇರವಾಗಿ ಬಂದರು, ನೇರವಾಗಿ ನನ್ನ ಗಾಡಿಯ ಕಡೆಗೇ. ಭಾನುವಾರ ಅವರು ಹೆಜ್ಜೆ ಎಣಿಸಿದಾಗ ಆ ಜಾಗ ಖಾಲಿ ಇತ್ತು.

ಬಾಯಿ ಬಿಡಬೇಕೆಂದುಕೊಂಡೆ. ಕೂಗಿದರೆ ಅವರು ಒಬ್ಬರೇ ಹೋದಂತಾಗುವುದಿಲ್ಲ. ಕೂಗದಿದ್ದರೆ ಮತ್ತೆ ಕಬ್ಬಿಣಕ್ಕೆ ಹಣೆ. ಗೌತಮರೂ ಒಂದು ಹೆಜ್ಜೆ ಮುಂದೆ ಬಂದರು.

ಇಂಜಿನ್ನಿನ ಕಾವು ತಾಗಿತೇನೋ, ಟೀಚರ್ ಒಂದು ಮೊಳ ದೂರದಲ್ಲಿ ನಿಂತರು. ಕೋಲು ಚಾಚಿ ಬಂಪರಿಗೆ ತಾಗಿಸಿದರು, ಕೈಯಿಂದ ಬಾನೆಟ್ ಮುಟ್ಟಿ ನೋಡಿದರು.

"ಯಮನೂರಣ್ಣ, ಶನಿವಾರ ಕುಂತು ಬಂದ ಗಾಡಿ ವಾಸನಿ ನನಗ ಗೊತ್ತೈತಿ. ಇಂಜಿನ್ ಇನ್ನಾ ಬಿಸಿ ಐತಿ. ಈಗ ಬಂದೀರಿ. ನಿನ್ನೆ ಇಲ್ಲಿ ಗಾಡಿ ಇದ್ದಿಲ್ಲ," ಎಂದರು. "ನನ್ನ ಕಾಯಾಕ ಬಂದು ನನಗ ಅಡ್ಡ ನಿಂತೀರೇನು?"

ಓಣಿಯ ಬಾಗಿಲುಗಳಲ್ಲಿ ನಿಂತವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ಖಾಜಾಬೀ. ಟೀಚರ್ ಗಾಡಿಯನ್ನು ಸುತ್ತುಹಾಕಿ, ಮತ್ತೆ ಗೋಡೆ ಹಿಡಿದು, ಉಳಿದ ಹೆಜ್ಜೆಗಳನ್ನು ಎಣಿಸುತ್ತ ಶಾಲೆಯ ಗೇಟಿನೊಳಗೆ ಹೋದರು. ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ. ಗೌತಮರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ನಾನೂ ನಿಮ್ಮ ಗಾಡಿ ಇದ್ದಂಗ ಇದ್ದೆ ನೋಡ್ರಿ ಇಷ್ಟ ದಿನ," ಎಂದು ಹೇಳಿ ಲಿಂಗಸುಗೂರಿನ ದಾರಿ ಹಿಡಿದರು.

ಅಂದಿನಿಂದ ಯಾರ ಮನೆಯ ಸಾಮಾನು ಕಟ್ಟುವ ಮೊದಲೂ ನಾನು ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿ, "ಒಳಗ ಬಂದ ಕೂಡಲೇ ನಿಮ್ಮ ಕೈ ಎತ್ತಾಗ ಹೋಗ್ತೈತಿ?" ಎಂದು ಕೇಳುತ್ತೇನೆ. ದಿಕ್ಕು ನೋಡುವುದು ಆಮೇಲೆ. ಹದಿನೆಂಟು ವರ್ಷ ಗೊತ್ತಾಗದ ಕೆಲಸವನ್ನು ಆ ಮೂರು ದಿನದಲ್ಲಿ ಕಲಿತೆ. ಮನೆಯನ್ನು ಅದರಲ್ಲಿ ಬದುಕುವವರ ಕೈಗೆ ಸಿಗುವಂತೆ ಇಟ್ಟುಕೊಡಬೇಕು, ಇಟ್ಟ ಮೇಲೆ ಗಾಡಿ ತೆಗೆದುಕೊಂಡು ಅವರ ದಾರಿಯಿಂದ ಸರಿಯಬೇಕು.