ಫಕ್ಕೀರವ್ವ ಕೈ ನಿಲ್ಲಿಸಿದಾಗ

ಫಕ್ಕೀರವ್ವನ ಅಂಗೈ ನನ್ನ ಕೆನ್ನೆಗೆ ಬಿದ್ದದ್ದು ಒಂದೇ ಸಲ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದ ಅಂಗೈ ಅದು. ಅಗಲವಾಗಿ, ಚಪ್ಪಟೆಯಾಗಿ, ಗೆರೆಗಳೆಲ್ಲ ಸವೆದುಹೋಗಿತ್ತು. ಏಟು ಬಿದ್ದೊಡನೆ ಮೂಗಿಗೆ ಹಸಿ ಹಿಟ್ಟಿನ ವಾಸನೆ ಬಂತು ಎಂದು ನನ್ನ ನೆನಪು. ಆದರೆ ಅಂದು ಬೆಳಿಗ್ಗೆ ಅವಳು ಬಸ್ಸಿಳಿದು ನೇರ ನನ್ನ ಬಾಗಿಲಿಗೆ ಬಂದಿದ್ದಳು, ಹಿಟ್ಟನ್ನು ಮುಟ್ಟಿಯೇ ಇರಲಿಲ್ಲ. ವಾಸನೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ನನ್ನ ನೆನಪಿಗೆ ಇಂಥ ಕೆಟ್ಟ ಚಾಳಿ ಇದೆ. ಅದಕ್ಕೇ ದಿನಚರಿ ಬರೆಯುತ್ತೇನೆ. ದಿನಚರಿಯೂ ಸುಳ್ಳು ಹೇಳುತ್ತದೆ ಎಂಬುದನ್ನು ಕಲಿಸಿದವಳು ಫಕ್ಕೀರವ್ವ.

ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಮನೆಗಳು ಒಂದರ ಗೋಡೆಗೊಂದು ಆತುಕೊಂಡಿವೆ. ನನ್ನ ಮನೆಯ ಎಡಕ್ಕೆ ಫಕ್ಕೀರವ್ವ. ಬಲಕ್ಕೆ ಟಂಟಂ ಓಡಿಸುವ ಪರಸಪ್ಪ ಮತ್ತು ಅವನ ಹೆಂಡತಿ ಶೋಭಾ. ಎದುರಿಗೆ ಹೊಲಿಗೆ ಮಶೀನಿನ ಬೀಬಿಜಾನ್. ನಾನು ಹಾನಗಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಹಾಗಾಗಿ ಓಣಿಗೆಲ್ಲ ನಾನು ಅಕ್ಕೋರು.

ಫಕ್ಕೀರವ್ವ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುತ್ತಿದ್ದಳು. ಸಂಜೆ ಐದಕ್ಕೆ ಒಲೆ ಹೊತ್ತಿಸಿ ಕುಳಿತರೆ ಏಳರವರೆಗೆ ಎರಡು ಗೋಡೆ ದಾಟಿ ಸಪ್ಪಳ. ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಮಾತು. ನಳದ ನೀರು ಯಾವಾಗ ಬಿಡುತ್ತಾರೆ, ಯಾರ ಮನೆಯ ಹಪ್ಪಳಕ್ಕೆ ಬೂಷ್ಟು ಬಂತು, ಯಾರ ಸೊಸೆ ಯಾಕೆ ಸಿಟ್ಟಾದಳು. ಬೀಬಿಜಾನ್‌ಳ ಕೋಳಿ ಬಂದು ಫಕ್ಕೀರವ್ವನ ಕಟ್ಟಿಗೆ ರಾಶಿಯಲ್ಲಿ ಮೊಟ್ಟೆ ಇಡುತ್ತಿತ್ತು. ಆ ಜಗಳ ಒಂದು ಬೇಸಿಗೆ ಪೂರ್ತಿ ನಡೆಯಿತು.

"ಕೋಳಿ ನಂದು ಫಕ್ಕೀರಕ್ಕ, ತತ್ತಿನೂ ನಂದು."

"ಹಂಗಾರ ಅದಕ್ಕ ಬಾಣಂತನ ಮಾಡಿದ್ದು ಯಾರು? ನನ್ನ ಕಟಗಿ. ಇನ್ನೊಮ್ಮಿ ಬಂದ್ರ ಕುತ್ತಿಗಿ ಮುರದು, ಸಾರು ಮಾಡಿ, ನಿನಗ ಒಂದು ಬಟ್ಟಲ ಕಳಸ್ತೇನಿ."

"ನೀ ತಿನ್ನಂಗಿಲ್ಲಲ್ಲ, ಲಿಂಗಾ ಕಟ್ಟೀಯಲ್ಲ?"

"ಅದಕ್ಕಽ ನಿನಗ ಕಳಸ್ತೇನಿ ಅಂದೆ."

ಕುತ್ತಿಗೆ ಮುರಿಯುವ, ಕೈ ಕತ್ತರಿಸುವ, ಕೊಳ್ಳಿ ಇಡುವ ಮಾತಿಲ್ಲದೆ ಅವಳ ವಾಕ್ಯ ಮುಗಿಯುತ್ತಿರಲಿಲ್ಲ. ಮೊದಮೊದಲು ನಾನು ಹೆದರಿದೆ. ಆಮೇಲೆ ತಿಳಿಯಿತು, ಆ ಮಾತುಗಳೆಲ್ಲ ಅವಳ ಮೈಮೇಲೆಯೇ ನಡೆದುಹೋದ ಸಂಗತಿಗಳು. ಅವಳ ಎಡಗಿವಿ ಕೇಳುತ್ತಿರಲಿಲ್ಲ. ತೀರಿಹೋದ ಗಂಡ ಒಮ್ಮೆ ಗೋಡೆಗೆ ತಲೆ ಚಚ್ಚಿದ್ದ, ಅಂದಿನಿಂದ ಆ ಕಡೆ ಕಿವುಡು. ಅವಳೂ ಒಮ್ಮೆ ತಿರುಗಿ ಹೊಡೆದಿದ್ದಳಂತೆ. ಆ ಕತೆಯನ್ನು ನನಗೆ ಮೂರು ಬಗೆಯಲ್ಲಿ ಹೇಳಿದಳು. ಒಲೆಯ ಕೊಳ್ಳಿಯಿಂದ ಮೋರೆ ಸುಟ್ಟೆ ಎಂದಳು. ಇನ್ನೊಮ್ಮೆ ಕಾದ ಹಂಚು ಬೆನ್ನಿಗೆ ಒತ್ತಿದೆ ಎಂದಳು. ಮತ್ತೊಮ್ಮೆ ಕಣ್ಣಿಗೆ ಖಾರಪುಡಿ ಎರಚಿದೆ ಎಂದಳು. ಮೂರನ್ನೂ ದಿನಚರಿಯಲ್ಲಿ ಬರೆದುಕೊಂಡಿದ್ದ ನಾನು ಒಂದು ದಿನ ಕೇಳಿದೆ:

"ಇದರಾಗ ಯಾವುದು ಖರೆ, ಫಕ್ಕೀರವ್ವ?"

"ಎಲ್ಲಾ ಖರೇನಽ ಅಕ್ಕೋರ. ಅಂವ ಏನು ಒಂದಽ ಸಲ ಬಡದಿದ್ನೇನು?"

ಆಮೇಲೆ ಹಿಟ್ಟು ನಾದುತ್ತ, ಬೇರೆ ದನಿಯಲ್ಲಿ ಹೇಳಿದಳು: "ಬಡತಾ ಮರತೇನ್ರಿ. ಅಂವ ಬಡಿಯೂ ಮುಂದ ಓಣಿ ಹೆಂಗಸ್ರೆಲ್ಲಾ ಜೋರ್‌ಜೋರಾಗಿ ರೊಟ್ಟಿ ಬಡ್ಯಾಕ ಕುಂದರ್ತಿದ್ರು. ನನ್ನ ದನಿ ಕೇಳಬಾರದು ಅಂತ. ಅದನ್ನ ಮರ್ತಿಲ್ಲ."

ಶೋಭಾ ದುಂಡಸಿಯ ಹುಡುಗಿ. ಮೆಲು ಮಾತು. ನೀರಿಗೆ ಬಂದಾಗ ಸೆರಗನ್ನು ಕೈಯುದ್ದಕ್ಕೂ ಹೊದ್ದುಕೊಂಡಿರುತ್ತಿದ್ದಳು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಪರಸಪ್ಪನ ಮನೆಯಲ್ಲಿ ಸದ್ದು ಎದ್ದರೆ ಓಣಿಯ ಟೀವಿಗಳ ದನಿ ಏರುತ್ತಿತ್ತು, ಯಾರೋ ಮಿಕ್ಸರ್ ಹಾಕುತ್ತಿದ್ದರು. ನಾನು? ನಾನು ಪುಸ್ತಕ ಹಿಡಿದು ಹಿಂದಿನ ಕೋಣೆಗೆ ಹೋಗುತ್ತಿದ್ದೆ.

ಒಂದು ಸಂಜೆ ಆ ಸದ್ದು ಫಕ್ಕೀರವ್ವನಿಗೆ ಕೇಳಿಸಿತು. ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವಷ್ಟು ಹೊತ್ತು ಕೈ ನಿಲ್ಲುತ್ತದಲ್ಲ, ಆ ಸಂದಿನಲ್ಲಿ. ಅವಳು ಮತ್ತೆ ಬಡಿಯಲಿಲ್ಲ. ಎದ್ದು ಬಂದು ಓಣಿಯ ನಡುವೆ ನಿಂತಳು. "ಬೀಬಿ, ಮಶೀನ್ ನಿಲ್ಸು. ಏ, ಆ ಟೀವಿ ಬಂದ್ ಮಾಡ್ರಿ. ಅಕ್ಕೋರ, ಹೊರಗ ಬರ್ರಿ." ಒಂದೊಂದೇ ಸದ್ದು ಅಡಗಿತು. ಓಣಿ ಪೂರಾ ಮೌನ. ಆ ಮೌನದಲ್ಲಿ ಪರಸಪ್ಪನ ಏಟುಗಳು ಮಾತ್ರ ಕೇಳಿದವು. ಬಿಡಿಬಿಡಿಯಾಗಿ, ಲೆಕ್ಕ ಹಿಡಿಯುವಷ್ಟು ಸ್ಪಷ್ಟವಾಗಿ. ನಾಲ್ಕು, ಐದು. ಆರನೆಯದು ಬೀಳಲಿಲ್ಲ. ಅವನಿಗೂ ಕೇಳಿಸಿರಬೇಕು.

ಬಾಗಿಲು ತೆಗೆದು ಹೊರಬಂದ. ಹನ್ನೆರಡು ಹೆಂಗಸರು ಕಟ್ಟೆಗಳ ಮೇಲೆ ಸುಮ್ಮನೆ ಕೂತು ಅವನನ್ನೇ ನೋಡುತ್ತಿದ್ದರು.

"ಮುಗೀತೇನಪಾ ಪರಸಪ್ಪ?" ಎಂದಳು ಫಕ್ಕೀರವ್ವ. "ಮುಗದಿದ್ರ ಹೇಳು. ನಾವೂ ರೊಟ್ಟಿ ಬಡೀಬೇಕು."

ಅಂದಿನಿಂದ ಅದು ನಮ್ಮ ಓಣಿಯ ಕಟ್ಟಳೆಯಾಯಿತು. ಫಕ್ಕೀರವ್ವನ ಕೈ ನಡುವೆ ನಿಂತರೆ ಎಲ್ಲರ ಕೈಯೂ ನಿಲ್ಲಬೇಕು. ಮೂರು ನಾಲ್ಕು ಸಲ ನಿಂತಿತು. ಪ್ರತಿ ಸಲವೂ ಪರಸಪ್ಪ ನಿಲ್ಲಿಸಿದ. ಆದರೆ ಅವಳಿಗೆ ಸಮಾಧಾನವಿರಲಿಲ್ಲ. "ನನ್ನ ಒಂದಽ ಕಿವಿ ಎಷ್ಟಂತ ಕೇಳೀತು? ನೀವು ನಡುಮನ್ಯಾಗ ಇದ್ದೀರಿ. ನಾ ಊರಾಗ ಇಲ್ಲದಾಗ ನಿಮ್ಮ ಕಿವಿ ತಗದ ಇಡ್ರಿ. ಆ ಹುಡುಗಿ ಜೀಂವ ನಿಮ್ಮ ಗ್ವಾಡಿಗೆ ಐತಿ."

ನಾನು ಹೂಂ ಎಂದಿದ್ದೆ.

ಸವಣೂರಿನಲ್ಲಿ ಅವಳ ತಂಗಿಯ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ಹೊರಡುವ ದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು, "ನಾಳೆ ಬರ್ತೇನಿ, ಕಿವಿ ತಗದ ಇಡ್ರಿ" ಎಂದಳು. ನಾನು ಚಹಾ ಸೋಸುತ್ತಿದ್ದೆ. ತಲೆ ಆಡಿಸಿದೆನೆಂದು ಕಾಣುತ್ತದೆ. ಬಸ್‌ಸ್ಟ್ಯಾಂಡಿಗೆ ಅವಳನ್ನು ತನ್ನ ಟಂಟಂನಲ್ಲಿ ಬಿಟ್ಟು ಬಂದವನು ಪರಸಪ್ಪನೇ. "ಹುಷಾರಾಗಿ ಹೋಗಿ ಬಾ, ಅತ್ತಿ" ಎಂದನಂತೆ.

ಅಂದಿನ ದಿನಚರಿಯ ಸಾಲು ನನ್ನ ಮುಂದಿದೆ: "ಐದೂವರೆ. ಉತ್ತರಪತ್ರಿಕೆ ತಿದ್ದುತ್ತಿದ್ದೇನೆ. ಎಂದಿನಂತೆ ಫಕ್ಕೀರವ್ವನ ರೊಟ್ಟಿಯ ಸದ್ದು. ಆರರ ತನಕ."

ಆ ಅರ್ಧ ತಾಸು ಪರಸಪ್ಪ ಹೆಂಡತಿಯ ಬಾಯಿಗೆ ಅವಳದೇ ಸೆರಗು ತುರುಕಿ ಸಲಿಕೆಯ ಮರದ ಕಾವಿನಿಂದ ಹೊಡೆದ. ಬಲ ಮಣಿಕಟ್ಟು ಮೂರು ಕಡೆ ಮುರಿಯಿತು. ಹೆಗಲೆಲುಬು ಮುರಿಯಿತು. ಹಣೆಯ ಚರ್ಮ ಸುಲಿದು ಹುಬ್ಬಿನ ಮೇಲೆ ಇಳಿಬಿದ್ದಿತ್ತು. ಹಾನಗಲ್ಲಿನಿಂದ ಮರಳಿದ ಬೀಬಿಜಾನ್ ಅವರ ಹೊಸ್ತಿಲ ಕೆಳಗಿಂದ ಹರಿದು ಬಂದ ಕೆಂಪು ನೀರನ್ನು ಮೊದಲು ನೋಡಿದಳು. ಬಟ್ಟೆಯ ಬಣ್ಣ ಬಿಟ್ಟಿದೆ ಎಂದುಕೊಂಡು ದಾಟಿ ಹೋಗಿ, ಕಾಲಿಗೆ ಅಂಟಿದಾಗ ಕಿರುಚಿದಳು. ಶೋಭಾಳನ್ನು ಹುಬ್ಬಳ್ಳಿಗೆ ಒಯ್ದರು. ಅಟ್ಟದ ನಿಚ್ಚಣಿಕೆಯಿಂದ ಬಿದ್ದಳು ಎಂದ ಪರಸಪ್ಪ. ಓಣಿಯವರು, ಟೀವಿ ಹಚ್ಚಿತ್ತು, ಏನೂ ಕೇಳಲಿಲ್ಲ ಎಂದರು.

ಮರುದಿನ ಫಕ್ಕೀರವ್ವ ಬಂದಳು. ಬಸ್‌ಸ್ಟ್ಯಾಂಡಿನಲ್ಲೇ ಸುದ್ದಿ ಸಿಕ್ಕಿತ್ತು. ಕೈಚೀಲವನ್ನೂ ಇಳಿಸಿರಲಿಲ್ಲ.

"ನಿಮಗ ಕೇಳಲಿಲ್ಲೇನ್ರಿ?"

"ಕೇಳ್ತು. ನೀವು ರೊಟ್ಟಿ ಬಡ್ಯಾಕತ್ತೀರಿ ಅಂತ ತಿಳ್ಕೊಂಡೆ."

ಆಗ ಹೊಡೆದಳು.

ಹೊಡೆದು ಒಳಗೆ ಬಂದು ನೆಲದ ಮೇಲೆ ಕುಳಿತಳು. ಕೈಚೀಲ ಬದಿಗಿಟ್ಟು, "ನಿಮ್ಮ ಬುಕ್ಕಿನಾಗ ಏನು ಬರದೀರಿ, ಓದ್ರಿ" ಎಂದಳು. ಅವಳಿಗೆ ಓದು ಬಾರದು. ನಾನು ಏನು ಓದಿದರೂ ನಂಬಬೇಕಿತ್ತು. 'ಎಂದಿನಂತೆ' ಎಂಬ ಮಾತನ್ನು ಬಿಟ್ಟು ಓದಿದೆ. ಆಮೇಲೆ ನಾಚಿಕೆಯಾಗಿ ಅದನ್ನೂ ಸೇರಿಸಿ ಮತ್ತೊಮ್ಮೆ ಓದಿದೆ.

ಅವಳು ಚೌಕಾಸಿ ಮಾಡುವವಳಂತೆ ಕಣ್ಣು ಕಿರಿದು ಮಾಡಿದಳು. "ಐದೂವರಿಯಿಂದ ಆರು. ಒಮ್ಮಿ ಬಿದ್ರ ಒಮ್ಮಿ ಸಪ್ಪಳ ಆಗತೈತಿ. ಅರ್ಧಾ ತಾಸು ಬೀಳ್ತಾಳೇನ್ರಿ ಆಕಿ?" ಕುಪ್ಪಸದೊಳಗಿಂದ ಮಡಿಸಿದ ಬಸ್ ಟಿಕೀಟು ತೆಗೆದಳು. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೀಟು. "ನಾ ಊರಾಗಽ ಇದ್ದಿಲ್ಲ. ರೊಟ್ಟಿ ಬಡದವ್ರು ಯಾರು ಅಂತ ಕೇಳೂಣು ನಡೀರಿ. ಬುಕ್ಕು ತಗೊಳ್ರಿ."

"ಅದರಾಗ ನನ್ನ ತಪ್ಪೂ ಐತಿ, ಫಕ್ಕೀರವ್ವ. ಎಲ್ಲಾರೂ ಓದ್ತಾರ."

"ಓದ್ಲಿ. ನನ್ನ ಕಿವಿ ಹೋತು, ಆಕಿ ಕೈ ಹೋತು. ನಿಮ್ಮದು ಮರ್ಯಾದಿ ಒಂದಽ."

ಆ ಹಾಳೆಯನ್ನು ಹರಿಯುವ ಮನಸ್ಸು ನನಗೆ ಬಂದಿತ್ತು. ಸೀರೆ ಬದಲಾಯಿಸಲು ಒಳಗೆ ಹೋದಾಗ ಅದನ್ನು ಎರಡು ಬೆರಳಲ್ಲಿ ಹಿಡಿದಿದ್ದೆ ಕೂಡ. ಹೊರಗಿನಿಂದ ಅವಳು, "ಸೀರಿ ಉಡಾಕ ಎಷ್ಟ ಹೊತ್ತ್ರಿ, ಲಗ್ನಕ್ಕ ಹೊಂಟೀರೇನು?" ಎಂದು ಕೂಗಿದಳು. ಬಿಟ್ಟೆ.

ಠಾಣೆಗೆ ನಡೆಯುವಾಗ ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು. "ಅಕ್ಕೋರ, ನಾ ಬಡಿಯೂ ಮುಂದ ರೊಟ್ಟಿಗೊಮ್ಮಿ ಕೈ ನಿಲ್ಲತೈತಿ, ಹಂಚಿಗೆ ಹಾಕಾಕ. ನಿನ್ನಿ ಸಪ್ಪಳ ನಡುವ ನಿಂತಿತ್ತೇನ್ರಿ?"

ನಾನು ದಿನಚರಿಯನ್ನು ಕಂಕುಳಲ್ಲಿ ಒತ್ತಿ ಹೆಜ್ಜೆ ಬೇಗ ಹಾಕಿದೆ.

ದಿನಚರಿಯನ್ನು ಠಾಣೆಯಲ್ಲಿ ಇಟ್ಟುಕೊಂಡರು, ಆ ಹಾಳೆಯ ಝೆರಾಕ್ಸ್ ನನ್ನ ಬಳಿ ಉಳಿಯಿತು. ಟಿಕೀಟನ್ನು ಮಾತ್ರ, "ಇದನ್ನ ಜ್ವಾಕಿಯಾಗಿ ಇಟ್ಕೊ ಅಜ್ಜಿ, ಕೋರ್ಟಿಗೆ ತಗೊಂಡ ಬರಾಕ ಬೇಕು" ಎಂದು ತಿರುಗಿ ಕೊಟ್ಟರು. ಅವಳು ಅದನ್ನು ಅರಿಶಿನದ ಡಬ್ಬಿಯಲ್ಲಿಟ್ಟಳು. ಶೋಭಾ ದುಂಡಸಿಯ ತವರಿಗೆ ಹೋದಳು. ಪರಸಪ್ಪ ಜಾಮೀನಿನ ಮೇಲೆ ಹೊರಬಂದು ಒಂದು ದಿನ ಓಣಿಯಲ್ಲೇ ಫಕ್ಕೀರವ್ವನ ಜುಟ್ಟು ಹಿಡಿದ. ಅರುವತ್ತೈದರ ಮುದುಕಿ ಅವನ ಹೆಬ್ಬೆರಳು ಕಚ್ಚಿ, ರಕ್ತ ಉಗುಳಿ, "ಉಪ್ಪು ಕಮ್ಮಿ ಆಗೇತಿ ನಿನಗ" ಎಂದಳು. ಇದನ್ನು ನಾನೇ ಕಂಡೆ, ಆ ದಿನವೇ ಹೊಸ ಪುಸ್ತಕದಲ್ಲಿ ಬರೆದೆ. ಆದರೂ ಆ ಉಪ್ಪಿನ ಮಾತು ಅವಳದೋ ಬೀಬಿಜಾನ್ ಆಮೇಲೆ ಸೇರಿಸಿದ್ದೋ, ಈಗ ಖಾತ್ರಿ ಇಲ್ಲ.

ಎರಡು ವರ್ಷಕ್ಕೆ ಕೋರ್ಟಿನ ಕರೆ ಬಂತು. ಅದಕ್ಕೆ ಹದಿನೆಂಟು ದಿನ ಮೊದಲು ಫಕ್ಕೀರವ್ವ ಒಲೆಯ ಮುಂದೆಯೇ ವಾಲಿದಳು. ಕೊನೆಯ ರೊಟ್ಟಿ ಹಂಚಿನ ಮೇಲೆ ಕರಕಲಾಗಿತ್ತು. ಅವಳನ್ನು ಮಣ್ಣು ಮಾಡಿ ಬಂದು, ಅವಳ ತಂಗಿಯನ್ನು ಕೇಳಿ ಅರಿಶಿನದ ಡಬ್ಬಿ ತೆಗೆದೆ. ಟಿಕೀಟು ಇತ್ತು. ಅದರ ಮೇಲೆ ಏನೂ ಇರಲಿಲ್ಲ. ಆ ಮಶೀನಿನ ಅಕ್ಷರ ಬಹಳ ದಿನ ನಿಲ್ಲುವುದಿಲ್ಲ. ಊರು, ದಿನ, ಹೊತ್ತು ಎಲ್ಲ ಅಳಿಸಿ, ಅಂಚಿಗೆ ಅರಿಶಿನ ಹತ್ತಿದ ಬಿಳಿ ಚೂರು ಉಳಿದಿತ್ತು. ಅವಳು ಅದನ್ನು ಎಷ್ಟು ದಿನದಿಂದ ಹಾಗೇ ಕಾಯುತ್ತಿದ್ದಳೋ.

ಕಟಕಟೆಯಲ್ಲಿ ನಾನೊಬ್ಬಳೇ ನಿಂತೆ. ಎದುರಿನ ಬೆಂಚಿನಲ್ಲಿ ಶೋಭಾ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಪರಸಪ್ಪನ ವಕೀಲರು ನನ್ನ ದಿನಚರಿಯ ಸಾಲನ್ನು ನನ್ನಿಂದಲೇ ಓದಿಸಿದರು. ಆಮೇಲೆ ಮೃದುವಾಗಿ ಕೇಳಿದರು: "ಅಂದು ರೊಟ್ಟಿ ಎಂದು ಬರೆದವರು ನೀವು. ಈಗ ಹೊಡೆತ ಎನ್ನುವವರೂ ನೀವು. ಎರಡು ಸಪ್ಪಳದ ವ್ಯತ್ಯಾಸ ನಿಮಗೆ ಗೊತ್ತಾಗುವುದಿಲ್ಲ, ಅಲ್ಲವೇ?"

ಗೊತ್ತಾಗುವುದಿಲ್ಲ ಎಂದಿದ್ದರೆ ನಾನು ನಿರಪರಾಧಿ. ಅವನೂ ನಿರಪರಾಧಿ.

"ಗೊತ್ತಾಗುತ್ತದೆ" ಎಂದೆ. "ರೊಟ್ಟಿಯ ಸಪ್ಪಳ ಹಂಚಿಗೆ ಹಾಕುವಾಗ ನಿಲ್ಲುತ್ತದೆ. ಅಂದಿನದು ನಿಲ್ಲಲಿಲ್ಲ. ಸದ್ದು ಬಂದದ್ದು ಬಲಗೋಡೆಯಿಂದ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಎಂದು ಬರೆದೆ."

ಶೋಭಾ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ಇಲ್ಲಿ ಬಣ್ಣಿಸುವುದಿಲ್ಲ. ಬಣ್ಣಿಸಿದರೆ ನನಗೆ ಬೇಕಾದ ಹಾಗೆ ಬಣ್ಣಿಸುತ್ತೇನೆ.

ತೀರ್ಪು ಇನ್ನೂ ಬಂದಿಲ್ಲ. ಫಕ್ಕೀರವ್ವನ ಮನೆಗೆ ಚಿಕ್ಕೇರೂರಿನ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದಿದ್ದಾರೆ. ನಿನ್ನೆ ಸಂಜೆ ಗೋಡೆಯಾಚೆ ಬಡಿಯುವ ಸದ್ದು ಶುರುವಾಯಿತು. ಪೆನ್ನು ಕೆಳಗಿಟ್ಟು, ಹೋಗಿ ಬಾಗಿಲು ತಟ್ಟಿದೆ. ಮೊಣಕೈತನಕ ಹಿಟ್ಟು ಮಾಡಿಕೊಂಡ ಹೆಂಗಸು ಬಾಗಿಲು ತೆಗೆದಳು.

"ಏನು ಬೇಕಾಗಿತ್ರಿ, ಅಕ್ಕೋರ?"

"ಏನಿಲ್ಲವಾ. ನೋಡಾಕ ಬಂದಿದ್ದೆ."

"ಏನು ನೋಡಾಕ್ರಿ?"

ಒಳಗೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. "ರೊಟ್ಟಿ" ಎಂದೆ.