ಸಿದ್ದಮಲ್ಲಪ್ಪನವರ ನಡುಮನೆಯ ಹುತ್ತ

ಪಿರಿಯಾಪಟ್ಟಣದ ಸಿದ್ದಮಲ್ಲಪ್ಪನವರಿಗೆ ಎರಡು ಮನೆ. ಹಿಂದಿನ ಬೀದಿಯದು ಹಳೆಯದು; ಅಲ್ಲಿ ಅಡುಗೆಮನೆಗೆ ಹೋಗಬೇಕಾದರೆ ಎಮ್ಮೆಯ ಅಪ್ಪಣೆ ಬೇಕು. ಪೇಟೆಬೀದಿಯದು ಹೆಂಚಿನ ಮನೆ, ಗಾಳಿ ಬೆಳಕು ಧಾರಾಳ. ಬುದ್ಧಿವಂತರಾದ್ದರಿಂದ ಒಳ್ಳೆಯದನ್ನು ಬಾಡಿಗೆಗೆ ಕೊಟ್ಟು ಕೆಟ್ಟದ್ದರಲ್ಲಿ ತಾವಿದ್ದರು.

ಹೆಂಡತಿ ಮಂಗಳಮ್ಮನವರಿಗೆ ಇದ್ದದ್ದು ಒಂದೇ ಆಸೆ: ಕಣ್ಣು ಮುಚ್ಚುವುದರೊಳಗೆ ಆ ಹೆಂಚಿನ ಮನೆಯಲ್ಲಿ ಒಲೆ ಹಚ್ಚಬೇಕು. "ಬರೋ ಯುಗಾದಿ ಒಬ್ಬಟ್ಟು ಅಲ್ಲೇ ಕಣೆ" ಎಂದು ಗಂಡ ಮಾತು ಕೊಟ್ಟು ಎಷ್ಟೋ ಯುಗಾದಿ ಕಳೆದಿದ್ದವು. ಸಿದ್ದಮಲ್ಲಪ್ಪನವರಿಗೂ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಆದರೆ ಬಾಡಿಗೆಗಿದ್ದ ಚಾಮಯ್ಯ ಏಳುವ ಆಸಾಮಿಯಲ್ಲ. ಹೊಗೆಸೊಪ್ಪಿನ ಮಂಡಿಯಲ್ಲಿ ಮೂಟೆ ಹೊರುವವನು. ಬಾಡಿಗೆ ಕಾನೂನು ಬೇರೆ ಬಂದಿತ್ತು. ಮಲಗಿದ ಕೋಣವನ್ನಾದರೂ ಎಬ್ಬಿಸಬಹುದು, ಬಾಡಿಗೆದಾರನನ್ನಲ್ಲ ಎಂದು ಹುಣಸೂರಿನ ವಕೀಲರೇ ಕೈ ಚೆಲ್ಲಿದ್ದರು.

"ಸಾವ್ಕಾರ್ರೇ, ನಡುಮನೆ ಮೂಲೇಲಿ ಗೆದ್ಲು ಎದ್ದದೆ ಕಣ್ರೀ, ವಸಿ ರಿಪೇರಿ ಮಾಡ್ಸಿ" ಎಂದು ಚಾಮಯ್ಯ ಕೇಳಿಕೊಂಡೇ ಇದ್ದ. "ನೋಡಾನ ಬುಡು" ಎನ್ನುವುದೇ ಸಿದ್ದಮಲ್ಲಪ್ಪನವರು ಮಾಡಿಸುತ್ತಿದ್ದ ರಿಪೇರಿ. ಹೀಗೆ ನೋಡುತ್ತ ನೋಡುತ್ತ ಗೆದ್ದಲ ಮಣ್ಣು ಮೊಣಕಾಲೆತ್ತರ ಬೆಳೆಯಿತು.

ಆಗ ಅವರಿಗೊಂದು ಉಪಾಯ ಹೊಳೆಯಿತು. ಚಾಮಯ್ಯ ಮಂಡಿಗೆ, ಅವನ ಹೆಂಡತಿ ಕೆಂಪಾಜಮ್ಮ ನೀರಿಗೆ ಹೋದ ಹೊತ್ತು ನೋಡಿ ಹಿತ್ತಿಲಿನಿಂದ ನುಗ್ಗಿ, ಆ ಮಣ್ಣಿಗೆ ಅರಿಶಿನ ಕುಂಕುಮ ಹಚ್ಚಿ ಬಂದರು. ಹುತ್ತ ಎಂದರೆ ಹಾವು, ಹಾವೆಂದರೆ ಚಾಮಯ್ಯನ ಓಟ. ಇದು ಅವರ ಲೆಕ್ಕಾಚಾರ.

ಚಾಮಯ್ಯ ಓಡಲಿಲ್ಲ, ಅಡ್ಡಬಿದ್ದ. ಕೆಂಪಾಜಮ್ಮ ಹಾಲೆರೆದಳು. ಸೋಮವಾರದ ಹೊತ್ತಿಗೆ ಇಡೀ ಬೀದಿಯೇ ಹಾಲಿನ ಚೊಂಬು ಹಿಡಿದು ಸಾಲು ನಿಂತಿತ್ತು. ಕೊನೆಗೆ ಚಾಮಯ್ಯನೇ ಬೀಗದ ಕೈ ತಂದು ಸಾವ್ಕಾರರ ಮುಂದಿಟ್ಟ. "ನಾಗಪ್ಪ ಎದ್ದಿರೋ ಮನೇಲಿ ಕಾಲು ಚಾಚಿ ಮಲಗೋಕಾಯ್ತದಾ? ಅಪಚಾರ ಕಣ್ರೀ. ತಕಳಿ."

ಸಿದ್ದಮಲ್ಲಪ್ಪನವರಿಗೆ ಸ್ವರ್ಗ ಮೂರೇ ಗೇಣು. ಹಾರೆ ಹೆಗಲಿಗೇರಿಸಿ ಹೆಂಚಿನ ಮನೆಗೆ ಓಡಿದರು. ಹುತ್ತದ ಮುಂದೆ ಆಗಲೇ ಮಂಗಳಮ್ಮ ಹಾಲು ಹಿಡಿದು ಕೂತಿದ್ದರು.

"ಅಯ್ಯೋ ಶಿವನೇ, ಹಾರೆ ಯಾಕ್ರೀ?"

"ಏಳೆ ಅತ್ಲಾಗೆ. ಅರಿಶಿನ ಹಚ್ಚಿದ್ದು ನಾನೇ ಕಣೆ! ಚಾಮಯ್ಯನ್ನ ಓಡ್ಸೋಕೆ."

ಮಂಗಳಮ್ಮ ಗಂಡನ ಮುಖವನ್ನೇ ನೋಡಿದರು. "ಹಚ್ಚಿದ್ದು ನೀವೇ ಇರ್ಬೌದು. ಹಚ್ಚಿಸ್ದೋರು ಯಾರು?"

ಹುಣಸೂರಿನ ವಕೀಲರೂ ಹಾಕದ ಪಾಟೀಸವಾಲು ಇದು. ಸಿದ್ದಮಲ್ಲಪ್ಪ ಹಾರೆ ಎತ್ತಿದರು. ತಾವೇ ಹಚ್ಚಿದ ಅರಿಶಿನಕ್ಕೆ ತಾವೇ ಹೆದರಿದರು, ಸುಳ್ಳಲ್ಲ, ಬೆವರು ಕಿತ್ತುಬರುವಷ್ಟು ಹೆದರಿದರು. ಹಾರೆಯನ್ನು ಗೋಡೆಗೊರಗಿಸಿ ಕೆನ್ನೆ ಕೆನ್ನೆ ಬಡಿದುಕೊಂಡರು.

ದೇವರಿರುವ ಮನೆಯಲ್ಲಿ ಒಗ್ಗರಣೆ ಹಾಕುವುದುಂಟೆ? ಒಲೆ ಹಚ್ಚಬೇಕೆಂದಿದ್ದ ಮನೆಯಲ್ಲಿ ಮಂಗಳಮ್ಮ ದಿನಾ ಸಂಜೆ ದೀಪ ಹಚ್ಚಿ ಬರತೊಡಗಿದರು. ಬಂದು ಎಮ್ಮೆಯ ಪಕ್ಕದಲ್ಲೇ ಮುದ್ದೆ ತೊಳಸುತ್ತಿದ್ದರು. ಅದನ್ನು ನೋಡಿದಾಗೆಲ್ಲ ಸಿದ್ದಮಲ್ಲಪ್ಪನವರ ಹೊಟ್ಟೆ ಉರಿಯುತ್ತಿತ್ತು, ತಮ್ಮ ಮೇಲೇ.

ಚಾಮಯ್ಯ ಎಲ್ಲಿಗೆ ಹೋದ? ಎಲ್ಲಿಗೂ ಇಲ್ಲ. "ದೇವರಿಗೆ ಮನೆ ಬುಟ್ಕೊಟ್ಟೋರ್ನ ಬೀದೀಲಿ ನಿಲ್ಸೋದಾ?" ಎಂದು ಮಂಗಳಮ್ಮನೇ ಕರೆದು ತಮ್ಮ ಮನೆಯ ಜಗುಲಿ ಕೊಟ್ಟಿದ್ದರು. ಗಂಡ ಹೆಂಡತಿ ಚಾಪೆ ಸಮೇತ ಬಂದು ನೆಲೆಯೂರಿದರು.

ಯುಗಾದಿಯ ದಿನ ಒಬ್ಬಟ್ಟು ತಿನ್ನುತ್ತ ಚಾಮಯ್ಯ ಜಗುಲಿಯ ಮೂಲೆಯತ್ತ ಬಗ್ಗಿ ನೋಡಿದ.

"ಸಾವ್ಕಾರ್ರೇ, ಇಲ್ಲೂ ವಸಿ ಗೆದ್ಲು ಕಾಣ್ತದೆ ಕಣ್ರೀ."

ಮಂಗಳಮ್ಮ ಭಕ್ತಿಯಿಂದ ಎದ್ದು ಅರಿಶಿನದ ಬಟ್ಟಲು ಹುಡುಕಲು ಒಳಗೆ ಹೋದರು. ಎಷ್ಟು ತಡಕಿದರೂ ಸಿಗಲಿಲ್ಲ. ಅದನ್ನು ಪಂಚೆಯಡಿ ಇಟ್ಟುಕೊಂಡು ಸಿದ್ದಮಲ್ಲಪ್ಪ ಅದರ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿದ್ದರು.